ಚಿತ್ರಮಂದಿರಕ್ಕೆ ಹೋಗುವುದೋ, ಮನೆಯಲ್ಲೇ ಕಾಯುವುದೋ? ನೋಡಿದವರು ಅನುಭವ ತಿಳಿಸಿ

ಪ್ರಶ್ನೆ, ತುಮಕೂರಿನಿಂದ

ನಾವು ಸಿನಿಮಾ ಹುಚ್ಚಿನವರಲ್ಲ. ಯಾರಾದರೂ ಬಲವಾಗಿ ಚೆನ್ನಾಗಿದೆ ಎಂದಾಗ ಮಾತ್ರ, ವರ್ಷಕ್ಕೆ ಎರಡೋ ಮೂರೋ ಸಲ ಮನೆಮಂದಿಯೆಲ್ಲ ಹೋಗಿಬರುತ್ತೇವೆ. 2025ರಲ್ಲಿ ಜುಲೈನ ‘ಸು ಫ್ರಮ್ ಸೋ’ ಮತ್ತು ಅಕ್ಟೋಬರಿನ ‘ಕಾಂತಾರ: ಚಾಪ್ಟರ್ 1’ ಎರಡೂ ತಪ್ಪಿಹೋದವು. ಡಿಸೆಂಬರ್ ರಜೆಯಲ್ಲಾದರೂ ಒಂದು ಚಿತ್ರಕ್ಕೆ ಹೋಗೋಣವೆಂದಿದೆ. ನಾವು ನಾಲ್ವರು, ತಾಯಿಯವರಿಗೆ 68 ವರ್ಷ, ಮಂಡಿ ನೋವು. ಮಲ್ಟಿಪ್ಲೆಕ್ಸ್ ಮೇಲೋ, ಹಳೆಯ ಟಾಕೀಸ್ ಮೇಲೋ, ಅಥವಾ ಟಿ.ವಿ.ಯಲ್ಲಿ ಬರುವವರೆಗೆ ಕಾಯುವುದು ಮೇಲೋ?

ವಿಜಯನಗರದ ಗೃಹಸ್ಥ, ಬೆಂಗಳೂರು

ನಮ್ಮ ಪಾಡು ಕೇಳಿ, ಆಮೇಲೆ ತಾವೇ ತೀರ್ಮಾನಿಸಿ. ಸೆಪ್ಟೆಂಬರ್ 12ರಂದು ಸರ್ಕಾರವು ಟಿಕೆಟ್‌ಗೆ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿ ಅಧಿಸೂಚನೆ ಹೊರಡಿಸಿದಾಗ ನಾನು ಅಡುಗೆಮನೆಯ ಕ್ಯಾಲೆಂಡರಿನ ಬೆನ್ನಮೇಲೆ ಲೆಕ್ಕ ಬರೆದಿಟ್ಟೆ: ಶೇ. 18 ಜಿಎಸ್‌ಟಿ ಸೇರಿ ತಲೆಗೆ 236, ನಾಲ್ವರಿಗೆ 944. ಹನ್ನೊಂದು ದಿನ ಕಳೆಯುವುದರೊಳಗೆ, 23ರಂದು, ಹೈಕೋರ್ಟಿನ ತಡೆಯಾಜ್ಞೆ ಬಂತು. ಅಕ್ಟೋಬರ್ 2ರಂದು ‘ಕಾಂತಾರ: ಚಾಪ್ಟರ್ 1’ ಬಿಡುಗಡೆಯಾಯಿತು, ಮಕ್ಕಳಿಗೆ ದಸರಾ ರಜೆ, ಬೇಡವೆನ್ನುವ ಧೈರ್ಯ ಯಾವ ತಂದೆಗಿದೆ? ಟಿಕೆಟ್ ತಲೆಗೆ 450ರಂತೆ 1800, ಆನ್‌ಲೈನಿನಲ್ಲಿ ಕಾದಿರಿಸಿದ ತಪ್ಪಿಗೆ 165, ಪಾಪ್‌ಕಾರ್ನ್ ದೊಡ್ಡ ಡಬ್ಬ ಎರಡಕ್ಕೆ 980, ನೀರಿನ ಬಾಟಲಿ ಎರಡಕ್ಕೆ 140, ಪಾರ್ಕಿಂಗ್ 160. ಒಟ್ಟು 3245 ರೂಪಾಯಿ. ಮನೆಯಿಂದ ಒಯ್ದಿದ್ದ ಚಕ್ಕುಲಿಯ ಡಬ್ಬಿಯನ್ನು ಬಾಗಿಲಲ್ಲೇ ತೆಗೆದಿರಿಸಿಕೊಂಡು ಟೋಕನ್ ಕೊಟ್ಟರು. ಹೊರಡುವಾಗ ಮರೆತೆವು, ಡಬ್ಬಿಯೂ ಹೋಯಿತು.

ಚಿತ್ರದ ಬಗ್ಗೆ ಹೇಳುವುದಾದರೆ, ಕದಂಬರ ಕಾಲದ ಕಾಡು, ರಥದ ದೃಶ್ಯ, ಅಜನೀಶ್ ಲೋಕನಾಥ್ ಅವರ ಸಂಗೀತ ಇವೆಲ್ಲ ದೊಡ್ಡ ಪರದೆಗೇ ಹೇಳಿಮಾಡಿಸಿದವು. ಮೊದಲರ್ಧದ ಹಾಸ್ಯ ಮಾತ್ರ ಯಾವುದೋ ಬೇರೆ ಚಿತ್ರದಿಂದ ಹಾದಿತಪ್ಪಿ ಬಂದಂತಿತ್ತು.

ಬಾಲ್ಕನಿ ಪ್ರೇಮಿ, ಹುಬ್ಬಳ್ಳಿ

ಮೇಲಿನವರು ಪಾಪ್‌ಕಾರ್ನ್‌ಗೆ ಕೊಟ್ಟ ಹಣದಲ್ಲಿ ನಮ್ಮ ಕುಟುಂಬ ಎರಡು ಚಿತ್ರ ನೋಡುತ್ತದೆ. ನಾನು ಕಳೆದ ಇಪ್ಪತ್ತು ವರ್ಷಗಳಿಂದ ಒಂದೇ ಟಾಕೀಸಿಗೆ ಹೋಗುವವನು. ಬಾಲ್ಕನಿಗೆ 120, ನಾಲ್ವರಿಗೆ 480, ಬೈಕ್ ನಿಲ್ಲಿಸಲು ಹತ್ತು ರೂಪಾಯಿ, ಮಧ್ಯಂತರದಲ್ಲಿ ಗೇಟಿನಾಚೆ ಬಿಸಿ ಮಿರ್ಚಿ. ‘ಸು ಫ್ರಮ್ ಸೋ’ ಆರಂಭದಲ್ಲಿ ಕಡಿಮೆ ಪ್ರದರ್ಶನಗಳೊಂದಿಗೆ ಬಂದು, ಜನರ ಬಾಯಿಮಾತಿನಿಂದಲೇ ಬೆಳೆದ ಚಿತ್ರ. ಎರಡು ದಿನ ಹೌಸ್‌ಫುಲ್ ಫಲಕ ನೋಡಿ ಹಿಂದಿರುಗಿ ಮೂರನೆಯ ದಿನ ಒಳಹೊಕ್ಕೆವು. ಎಡಬದಿಯ ಸ್ಪೀಕರ್ ಸತ್ತಿತ್ತು, ನಮ್ಮ ತಲೆಯ ಮೇಲಿನ ಫ್ಯಾನ್ ತಿರುಗುವುದಕ್ಕಿಂತ ಹೆಚ್ಚಾಗಿ ಅರಚುತ್ತಿತ್ತು, ಆದರೂ ಎಂಟುನೂರು ಜನ ಒಟ್ಟಿಗೆ ನಕ್ಕಾಗ ಆಗುವ ಸದ್ದಿಗೆ ಯಾವ ಡಾಲ್ಬಿಯೂ ಸಮವಲ್ಲ. ಒಂದೇ ತಕರಾರೆಂದರೆ, ಮೊದಲ ಅರ್ಧ ಗಂಟೆ ಪಾತ್ರಗಳ ಕರಾವಳಿ ಮಾತು ನಮ್ಮ ಕಡೆಯವರಿಗೆ ಸರಿಯಾಗಿ ತಿಳಿಯಲಿಲ್ಲ. ಎಲ್ಲರಿಗೂ ಅರ್ಥವಾಗುವ ಕನ್ನಡ ಬಳಸಬಹುದಿತ್ತು.

ಉಳ್ಳಾಲದಿಂದ ಒಬ್ಬರು

‘ಎಲ್ಲರಿಗೂ ಅರ್ಥವಾಗುವ ಕನ್ನಡ’ ಯಾವ ಜಿಲ್ಲೆಯದೆಂದು ಬಾಲ್ಕನಿ ಪ್ರೇಮಿಗಳು ತಿಳಿಸಬೇಕು. ಚಿತ್ರದ ಹೆಸರೇ ಸೋಮೇಶ್ವರದ ಸುಲೋಚನ ಎಂಬುದರ ಸಂಕ್ಷೇಪ. ಆ ಕಡೆಯವರು ಹುಬ್ಬಳ್ಳಿಯ ಮಾತನಾಡಬೇಕಿತ್ತೇ? ದಶಕಗಳಿಂದ ಚಿತ್ರಗಳಲ್ಲಿ ಮಂಗಳೂರಿನವನೆಂದರೆ ‘ಎಂಥ ಮಾರಾಯ’ ಎನ್ನುವ ಹೋಟೆಲ್ ಮಾಣಿಯೋ ಭಟ್ಟನೋ ಆಗಿದ್ದ. ಈ ಚಿತ್ರದಲ್ಲಿ ನಮ್ಮ ಮಾತು ನಗೆಯ ಸರಕಾಗದೆ ಊರಿನ ಮಾತಾಗಿಯೇ ಬಂತು. ನಾನು ಅದನ್ನು ಮೂರು ಸಲ ನೋಡಿದೆ, ಮೂರೂ ಸಲ ಹಣ ಕೊಟ್ಟು. ಮೂರನೆಯ ಸಲ ಅತ್ತೆಯವರನ್ನು ಕರೆದೊಯ್ದೆ, ಅವರು 1990ರ ನಂತರ ಟಾಕೀಸಿನ ಮೆಟ್ಟಿಲು ಹತ್ತಿದವರಲ್ಲ.

ನನಗೆ ನೋವಾದದ್ದು ಬೇರೆ ಕಡೆ. ‘ಕಾಂತಾರ’ ನೋಡುವಾಗ ನಮ್ಮ ಹಿಂದಿನ ಸಾಲಿನ ಯುವಕನೊಬ್ಬ ಮೈಮೇಲೆ ದೈವ ಬಂದವನಂತೆ ಕೂಗುತ್ತ ಪರದೆಯ ಮುಂದೆ ಓಡಿದ. ಸುತ್ತಲಿದ್ದವರು ಮೊಬೈಲ್ ಎತ್ತಿ ಹಿಡಿದರು. ಮನೆಯಲ್ಲಿ ದೈವಕ್ಕೆ ಅಗೆಲು, ಅಂದರೆ ಎಡೆ, ಬಡಿಸುವವರಿಗೆ ಅದು ಎಷ್ಟು ಚುಚ್ಚುತ್ತದೆಂದು ಅವರಿಗೆ ಗೊತ್ತಿಲ್ಲ. ಕೊನೆಗೆ ನಿರ್ಮಾಣ ಸಂಸ್ಥೆಯೇ ದೈವದ ಅನುಕರಣೆ ಮಾಡಬೇಡಿರೆಂದು ಬಹಿರಂಗವಾಗಿ ವಿನಂತಿಸಬೇಕಾಯಿತು.

ಬಾಲ್ಕನಿ ಪ್ರೇಮಿ, ಹುಬ್ಬಳ್ಳಿ

ನಾನು ತಿಳಿಯಲಿಲ್ಲ ಎಂದೆನೇ ಹೊರತು ಹೀನವೆಂದು ಹೇಳಲಿಲ್ಲ. ನಮ್ಮ ಮಾತನ್ನು ಚಿತ್ರಗಳು ಹೇಗೆ ಬಳಸಿಕೊಂಡಿವೆ ಎಂಬುದರ ಪಟ್ಟಿ ನನ್ನ ಬಳಿಯೂ ಇದೆ. ಉತ್ತರ ಕರ್ನಾಟಕದವನೆಂದರೆ ಮೀಸೆ ಹೊತ್ತ ಖಳನೇ ಆಗಬೇಕೆಂಬ ನಿಯಮ ಎಷ್ಟು ವರ್ಷ ಇತ್ತೆಂದು ತಾವೂ ಒಮ್ಮೆ ಎಣಿಸಿ ನೋಡಿ.

ಕಾದು ನೋಡುವವಳು, ಮೈಸೂರು

ಇಷ್ಟೆಲ್ಲ ಜಗಳ ಕಾಯಲಾರದವರದು. ‘ಕಾಂತಾರ: ಚಾಪ್ಟರ್ 1’ ಅಕ್ಟೋಬರ್ 2ರಂದು ತೆರೆಗೆ ಬಂದು 31ರಂದು ಒಟಿಟಿಗೆ ಬಂತು. ಇಪ್ಪತ್ತೊಂಬತ್ತು ದಿನ ತಡೆದುಕೊಂಡಿದ್ದರೆ ವಿಜಯನಗರದವರ 3245 ರೂಪಾಯಿ ಉಳಿಯುತ್ತಿತ್ತು. ಚಂದಾ ಹೇಗೂ ಕಟ್ಟಿರುತ್ತೇವೆ, ಅದನ್ನು ಖರ್ಚೆಂದು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಜ ಹೇಳಬೇಕೆಂದರೆ ಎರಡೂಮುಕ್ಕಾಲು ಗಂಟೆಗೂ ಮೀರಿದ ಚಿತ್ರವನ್ನು ನಾವು ಮೂರು ರಾತ್ರಿಗಳಲ್ಲಿ ಮುಗಿಸಿದೆವು: ಮೊದಲ ರಾತ್ರಿ ಮಾವನವರ ವಾರ್ತೆಯ ಸಮಯವಾಯಿತು, ಎರಡನೆಯ ರಾತ್ರಿ ಕರೆಂಟ್ ಹೋಯಿತು, ಮೂರನೆಯ ರಾತ್ರಿ ಅಂತಿಮ ಕಾಳಗದ ನಡುವೆ ಕುಕ್ಕರ್ ಕೂಗಿತು. ಕಾಳಗ ಕತ್ತಲಲ್ಲಿ ನಡೆಯುತ್ತಿದ್ದುದರಿಂದ ಪರದೆಯ ಮೇಲೆ ನಮ್ಮ ಟ್ಯೂಬ್‌ಲೈಟಿನ ಪ್ರತಿಬಿಂಬವೇ ಹೆಚ್ಚು ಕಂಡಿತು. ರುಕ್ಮಿಣಿ ವಸಂತ್ ಅವರ ಕನಕವತಿ ಮಾತ್ರ ಆ ಪ್ರತಿಬಿಂಬವನ್ನೂ ಮೀರಿ ನೆನಪಿನಲ್ಲಿ ಉಳಿದಳು.

ವಿಜಯನಗರದ ಗೃಹಸ್ಥ, ಬೆಂಗಳೂರು

ಮೇಡಂ, ಟಿ.ವಿ. ಎಷ್ಟಕ್ಕೆ ಕೊಂಡಿರೆಂದು ದಯವಿಟ್ಟು ತಿಳಿಸಿ. ನನ್ನ ಪಾರ್ಕಿಂಗ್ ಚೀಟಿಯವರೆಗೆ ಲೆಕ್ಕ ಹಿಡಿದವರು ತಮ್ಮ ಟಿ.ವಿ.ಯನ್ನು ಬಿಡಬಾರದು. ಮೂರು ತುಂಡಾಗಿ, ಕುಕ್ಕರಿನ ಸೀಟಿಯೊಡನೆ ನೋಡಿದ್ದನ್ನು ನೋಡಿದ್ದೆಂದು ನಾನು ಒಪ್ಪಲಾರೆ.

ಕಾದು ನೋಡುವವಳು, ಮೈಸೂರು

ಮೂವತ್ತೆರಡು ಸಾವಿರ, 43 ಇಂಚು, ಆರು ವರ್ಷವಾಯಿತು, ಇನ್ನೂ ನಡೆಯುತ್ತಿದೆ. ತಮ್ಮ ಪಾಪ್‌ಕಾರ್ನ್ ಎಷ್ಟು ದಿನ ನಡೆಯಿತು?

ಎರಡು ಸಲ ಹಣ ಕೊಟ್ಟವನು, ದಾವಣಗೆರೆ

ಕಾಯುವುದರ ಬಗ್ಗೆ ನಾನು ಹೇಳುತ್ತೇನೆ. 2023ರ ಸೆಪ್ಟೆಂಬರ್ 1ರಂದು ‘ಸಪ್ತ ಸಾಗರದಾಚೆ ಎಲ್ಲೋ’ ಚಿತ್ರದ ಮೊದಲ ಭಾಗವಾದ ಸೈಡ್ ಎ ನೋಡಿ, ನಾಯಕ ಮನು ಜೈಲಿನಲ್ಲೇ ಉಳಿದ ಸಂಕಟವನ್ನು ಹೊತ್ತು ಮನೆಗೆ ಬಂದೆ. ಉಳಿದ ಕಥೆ ಅಕ್ಟೋಬರಿನಲ್ಲಿ ಎಂದರು, ನವೆಂಬರ್ 17ಕ್ಕೆ ಬಂತು. ಒಂದು ಕಥೆಗೆ ಎರಡು ಸಲ ರಜೆ, ಎರಡು ಸಲ ಟಿಕೆಟ್. ಸೈಡ್ ಬಿಯ ದಿನ ನಮ್ಮ ಸಭಾಂಗಣದಲ್ಲಿ ಹದಿನಾಲ್ಕು ಜನರಿದ್ದೆವು. ಮುಂದಿದ್ದ ಹಿರಿಯರೊಬ್ಬರು ಮಧ್ಯಂತರದಲ್ಲಿ ನನ್ನತ್ತ ತಿರುಗಿ ಮೊದಲ ಭಾಗದ ಕಥೆ ಕೇಳಿದರು, ಹೇಳಿಮುಗಿಸುವಷ್ಟರಲ್ಲಿ ನನ್ನ ಚಹಾ ಆರಿತ್ತು. ಆದರೂ ಚರಣ್ ರಾಜ್ ಅವರ ಸಂಗೀತವನ್ನು ಆ ಕತ್ತಲೆಯಲ್ಲಿ ಕೇಳಿದವರಿಗೆ ಮಾತ್ರ ಅದು ಏನೆಂದು ಗೊತ್ತು. ಸೈಡ್ ಬಿ ಸಪ್ಪೆಯೆಂದವರು ಬಹುಪಾಲು ಮೊಬೈಲಿನಲ್ಲಿ ನೋಡಿದವರು.

ಉಳ್ಳಾಲದಿಂದ ಒಬ್ಬರು

ನಾನು ಟಾಕೀಸಿನಲ್ಲೇ ನೋಡಿದೆ. ಸಪ್ಪೆಯೇ. ಚೈತ್ರಾ ಆಚಾರ್ ಅವರ ಸುರಭಿಯ ಪಾಲನ್ನು ಬಿಟ್ಟರೆ ಸೈಡ್ ಎಯ ಅರ್ಧದಷ್ಟೂ ಇರಲಿಲ್ಲ.

ಕಾನೂನು ಓದಿದವರು, ಬೆಂಗಳೂರು

ವಿಜಯನಗರದವರು ಒಂದು ಅಂಶವನ್ನು ಬಿಟ್ಟಿದ್ದಾರೆ. 75 ಅಥವಾ ಅದಕ್ಕಿಂತ ಕಡಿಮೆ ಆಸನಗಳ ಐಷಾರಾಮಿ ಪರದೆಗಳಿಗೆ 200ರ ಮಿತಿ ಅಧಿಸೂಚನೆಯಲ್ಲೇ ಇರಲಿಲ್ಲ. ತಾವು ಒರಗುವ ಕುರ್ಚಿಯ ಹಾಲಿಗೆ ಹೋಗಿದ್ದರೆ ತಡೆಯಾಜ್ಞೆಯನ್ನು ದೂರಿ ಪ್ರಯೋಜನವಿಲ್ಲ.

ವಿಜಯನಗರದ ಗೃಹಸ್ಥ, ಬೆಂಗಳೂರು

ಒರಗುವ ಕುರ್ಚಿಯೇ? ಪರದೆಯಿಂದ ಮೂರನೆಯ ಸಾಲು. ಕತ್ತು ಎತ್ತಿ ನೋಡಿದ್ದಕ್ಕೆ ಎರಡು ದಿನ ನೀಲಗಿರಿ ಎಣ್ಣೆ ಹಚ್ಚಿಕೊಂಡೆ. ಅದರ 95 ರೂಪಾಯಿಯನ್ನು ನಾನು ಲೆಕ್ಕಕ್ಕೇ ಸೇರಿಸಿಲ್ಲ.

ಪ್ರಶ್ನೆ ಕೇಳಿದವರು, ತುಮಕೂರು

ಎಲ್ಲರಿಗೂ ವಂದನೆಗಳು. ತಾಯಿಯವರ ಮಂಡಿಯ ವಿಷಯ ಮಾತ್ರ ಯಾರೂ ಹೇಳಲಿಲ್ಲ. ಬಾಲ್ಕನಿಗೆ ಸಾಮಾನ್ಯವಾಗಿ ಎಷ್ಟು ಮೆಟ್ಟಿಲುಗಳಿರುತ್ತವೆ?

ಬಾಲ್ಕನಿ ಪ್ರೇಮಿ, ಹುಬ್ಬಳ್ಳಿ

ನಮ್ಮ ಟಾಕೀಸಿನಲ್ಲಿ ಮೂವತ್ತಾರು, ನಡುವೆ ಒಂದು ತಿರುವು, ಹಿಡಿಕಂಬಿ ಬಲಗಡೆ ಮಾತ್ರ. ನನ್ನ ತಾಯಿ ತಿರುವಿನ ಕಟ್ಟೆಯ ಮೇಲೆ ಒಮ್ಮೆ ಕುಳಿತು ಏರುತ್ತಾರೆ.

ವಿಜಯನಗರದ ಗೃಹಸ್ಥ, ಬೆಂಗಳೂರು

ನಮ್ಮಲ್ಲಿ ಎಸ್ಕಲೇಟರ್ ಇದೆ. ಅಂದು ನಿಂತಿತ್ತು.