ಚರ್ಚಿನ ಅಂಗಳದಲ್ಲಿರುವ ಉಗಿ ಎಂಜಿನ್ನಿನ ಗಂಟೆ: ಅದು ಯಾವ ಎಂಜಿನ್ನಿನದೆಂದು ತಿಳಿಯುವುದು ಹೇಗೆ?

ಅರಸೀಕೆರೆಯವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಅರಸೀಕೆರೆಯಲ್ಲಿ. ಕಳೆದ ಹನ್ನೆರಡು ವರ್ಷಗಳಿಂದ ಕ್ಯಾಲಿಫೋರ್ನಿಯಾದಲ್ಲಿ ಇದ್ದೇನೆ. ನಮ್ಮ ಮನೆಗೆ ಸಮೀಪದ ಒಂದು ಸಣ್ಣ ಚರ್ಚಿನ ಅಂಗಳದಲ್ಲಿ ಎರಡು ಕಂಬಗಳ ನಡುವೆ ದೊಡ್ಡದೊಂದು ಗಂಟೆಯನ್ನು ನಿಲ್ಲಿಸಿದ್ದಾರೆ. ಇದು ಸದರ್ನ್ ಪೆಸಿಫಿಕ್ ರೈಲ್ವೆಯ ಉಗಿ ಎಂಜಿನ್ನಿನ ಗಂಟೆ, ಎಂಜಿನ್ ನಿವೃತ್ತವಾದಾಗ ಕಂಪನಿಯವರೇ ಕೊಟ್ಟದ್ದು ಎಂದು ಕೆಳಗಿನ ಫಲಕ ಹೇಳುತ್ತದೆ. ಎಂಜಿನ್ನಿನ ಸಂಖ್ಯೆಯಾಗಲಿ ವರ್ಷವಾಗಲಿ ಅದರಲ್ಲಿ ಇಲ್ಲ.

ಚಿಕ್ಕಂದಿನಲ್ಲಿ ನಾನು ಊರಿನಲ್ಲಿ ನೋಡಿದ ಮೀಟರ್ ಗೇಜ್ ಎಂಜಿನ್ನುಗಳಿಗೆ ಸಿಳ್ಳೆ ಇತ್ತೇ ಹೊರತು ಗಂಟೆ ಇರಲಿಲ್ಲ. ಗಂಟೆ ಇದ್ದದ್ದು ಪ್ಲಾಟ್‌ಫಾರ್ಮಿನಲ್ಲಿ, ಅದೂ ತೂಗುಹಾಕಿದ ಹಳಿಯ ತುಂಡು. ಹಾಗಿರುವಾಗ ಅಮೆರಿಕದ ಎಂಜಿನ್ನುಗಳಿಗೆ ಗಂಟೆ ಏಕೆ ಬೇಕಾಯಿತು, ಅದು ಗುಜರಿಗೆ ಹೋಗದೆ ಚರ್ಚಿಗೆ ಬಂದದ್ದು ಹೇಗೆ, ಸಿಳ್ಳೆ, ದೀಪ, ನಾಮಫಲಕ ಮುಂತಾದ ಉಳಿದ ಭಾಗಗಳು ಏನಾದವು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ. ಎಲ್ಲಕ್ಕಿಂತ ಹೆಚ್ಚಾಗಿ, ಈ ಗಂಟೆ ಯಾವ ಎಂಜಿನ್ನಿನ ಮೇಲಿತ್ತು ಎಂಬುದನ್ನು ಈಗ ಪತ್ತೆ ಹಚ್ಚಲು ಸಾಧ್ಯವೇ? ಚರ್ಚಿನ ಹಿರಿಯರಿಗೂ ಅದನ್ನು ತಿಳಿಯುವ ಆಸೆಯಿದೆ.

ಧೂಮಶಕಟ

ಮೊದಲು ಗಂಟೆಯ ಕಾರಣವನ್ನು ಹೇಳುತ್ತೇನೆ, ಏಕೆಂದರೆ ಅದು ಉಳಿದುಕೊಂಡ ಬಗೆಗೂ ಅದಕ್ಕೂ ಸಂಬಂಧವಿದೆ. ಬ್ರಿಟನ್ನಿನಲ್ಲಿ 1840ರ ದಶಕದ ಕಾನೂನುಗಳೇ ರೈಲುಹಾದಿಯ ಇಕ್ಕೆಲಗಳಲ್ಲಿ ಬೇಲಿಯನ್ನು ಕಡ್ಡಾಯಗೊಳಿಸಿದ್ದವು. ಅಮೆರಿಕದಲ್ಲಿ ಹಳಿಗಳು ಬೇಲಿಯಿಲ್ಲದ ಬಯಲಿನಲ್ಲಿಯೂ ಎಷ್ಟೋ ಊರುಗಳ ನಡುಬೀದಿಯಲ್ಲಿಯೂ ಹಾದುಹೋಗುತ್ತಿದ್ದುದರಿಂದ, ರಸ್ತೆ ದಾಟುವಲ್ಲಿ ಎಂಜಿನ್ನು ಗಂಟೆ ಬಾರಿಸಬೇಕು ಎಂದು ಅಲ್ಲಿನ ರಾಜ್ಯಗಳು ಬಹಳ ಹಿಂದೆಯೇ ನಿಯಮ ಮಾಡಿದವು. ದೂರಕ್ಕೆ ಸಿಳ್ಳೆ, ಊರೊಳಗೆ ಮತ್ತು ನಿಲ್ದಾಣದೊಳಗೆ ಮೆಲ್ಲಗೆ ಚಲಿಸುವಾಗ ಗಂಟೆ. ಭಾರತಕ್ಕೆ ಬಂದದ್ದು ಬ್ರಿಟಿಷ್ ಪದ್ಧತಿ. ಆದ್ದರಿಂದಲೇ ನಮ್ಮಲ್ಲಿ ಗೇಟಿಗೆ ಮೊದಲು ಸಿಳ್ಳೆಯ ಹಳದಿ ಫಲಕವಿದೆ, ಎಂಜಿನ್ನಿನ ಮೇಲೆ ಗಂಟೆಯಿಲ್ಲ.

ಅಮೆರಿಕದ ದೊಡ್ಡ ರೈಲ್ವೆಗಳಲ್ಲಿ ಉಗಿ ಎಂಜಿನ್ನುಗಳ ಜಾಗಕ್ಕೆ ಡೀಸೆಲ್ ಬಂದದ್ದು ಮುಖ್ಯವಾಗಿ 1940 ಮತ್ತು 1950ರ ದಶಕಗಳಲ್ಲಿ. ಕೊನೆಯವರೆಗೂ ಉಗಿಯನ್ನು ಬಿಡದಿದ್ದ ನಾರ್ಫೋಕ್ ಅಂಡ್ ವೆಸ್ಟರ್ನ್ 1960ರಲ್ಲಿ ಅದನ್ನು ಕೈಬಿಟ್ಟಿತು. ಎಂಜಿನ್ನುಗಳು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಉಕ್ಕಿನ ಕುಲುಮೆಗೆ ಹೋದವು. ಗಂಟೆಯಲ್ಲಿದ್ದ ತಾಮ್ರಕ್ಕೂ ತವರಕ್ಕೂ ಬೆಲೆಯಿದ್ದುದರಿಂದ ಅನೇಕ ಗಂಟೆಗಳು ಕರಗಿದವು. ಕೆಲವನ್ನು ಅದೇ ಕಂಪನಿಯ ಡೀಸೆಲ್ ಎಂಜಿನ್ನುಗಳಿಗೆ ಅಳವಡಿಸಲಾಯಿತು, ಏಕೆಂದರೆ ನಿಯಮ ಅವುಗಳಿಗೂ ಅನ್ವಯಿಸುತ್ತಿತ್ತು. ಆದರೆ ಗಂಟೆ ಎಂಜಿನ್ನಿನಿಂದ ಸುಲಭವಾಗಿ ಬಿಚ್ಚಿಕೊಳ್ಳುವ ವಸ್ತು; ಬಿಚ್ಚಿದ ಮೇಲೂ ಅದು ಗಂಟೆಯಾಗಿಯೇ ಕೆಲಸ ಮಾಡುತ್ತದೆ. ಬಾಯ್ಲರಿನ ಒಂದು ತುಂಡನ್ನು ಯಾವ ಊರಿಗೆ ಕೊಡಲು ಬಂದೀತು? ಹೀಗಾಗಿ ರೈಲ್ವೆಗಳು ತಮ್ಮ ಹಾದಿಯ ಊರುಗಳ ಚರ್ಚು, ಶಾಲೆ, ಅಗ್ನಿಶಾಮಕ ಠಾಣೆಗಳಿಗೆ ಗಂಟೆಗಳನ್ನು ಕೊಟ್ಟವು.

ಉಗಿಯುಗ ಮುಗಿಯುವ ಮೊದಲೇ ಈ ರೂಢಿ ಇತ್ತು ಎಂಬುದಕ್ಕೆ ನಿಮ್ಮ ರಾಜ್ಯದಲ್ಲಿಯೇ ಒಳ್ಳೆಯ ಉದಾಹರಣೆಯಿದೆ. ಲಾಸ್ ಏಂಜಲೀಸಿನ ಎರಡು ವಿಶ್ವವಿದ್ಯಾಲಯಗಳಾದ ಯು.ಸಿ.ಎಲ್.ಎ. ಮತ್ತು ಯು.ಎಸ್.ಸಿ. ನಡುವಣ ಫುಟ್‌ಬಾಲ್ ಪಂದ್ಯದಲ್ಲಿ ಗೆದ್ದವರಿಗೆ ಸಿಗುವ ವಿಜಯದ ಗಂಟೆ ಸದರ್ನ್ ಪೆಸಿಫಿಕ್ ಎಂಜಿನ್ನಿನ ಮೇಲಿದ್ದದ್ದು. ಸುಮಾರು 295 ಪೌಂಡ್ ತೂಗುವ ಅದನ್ನು 1939ರಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘ ಯು.ಸಿ.ಎಲ್.ಎ. ವಿದ್ಯಾರ್ಥಿಗಳಿಗೆ ಕೊಟ್ಟಿತು. 1941ರಲ್ಲಿ ಎದುರು ಪಾಳೆಯದ ಹುಡುಗರು ಅದನ್ನು ಕದ್ದೊಯ್ದು ಒಂದು ವರ್ಷಕ್ಕೂ ಹೆಚ್ಚು ಕಾಲ ಬಚ್ಚಿಟ್ಟಿದ್ದರು. 1942ರ ರಾಜಿಯ ನಂತರವೇ ಅದು ಪಂದ್ಯದ ಬಹುಮಾನವಾಯಿತು.

ಉಳಿದ ಭಾಗಗಳ ಗತಿ ಅಷ್ಟು ಸುಗಮವಾಗಿರಲಿಲ್ಲ. ಸದರ್ನ್ ಪೆಸಿಫಿಕ್‌ನ 4449 ಸಂಖ್ಯೆಯ ಎಂಜಿನ್ನನ್ನು 1958ರಲ್ಲಿ ಪೋರ್ಟ್‌ಲೆಂಡ್ ನಗರಕ್ಕೆ ದಾನವಾಗಿ ಕೊಟ್ಟರು. ಉದ್ಯಾನದಲ್ಲಿ ಬಯಲಿಗೆ ನಿಂತಿದ್ದ ಕಾಲದಲ್ಲಿ ಅದರ ಸಿಳ್ಳೆಯೂ ತಯಾರಕರ ಫಲಕಗಳೂ ಕಳವಾದವು. ಎಂಜಿನ್ನು ಮಾತ್ರ 1970ರ ದಶಕದಲ್ಲಿ ದುರಸ್ತಿಗೊಂಡು ಮತ್ತೆ ಹಳಿಗೆ ಬಂತು. ಹೀಗೆ ಇಡೀ ಎಂಜಿನ್ನು ಉಳಿದು ಅದರ ಗುರುತುಗಳು ಹೋದದ್ದಿದೆ; ಎಂಜಿನ್ನು ಕರಗಿ ಗುರುತೊಂದೇ ಉಳಿದದ್ದೂ ಇದೆ. ನಿಮ್ಮ ಗಂಟೆ ಬಹುಶಃ ಎರಡನೆಯ ಗುಂಪಿಗೆ ಸೇರಿದ್ದು.

ಫಿಟ್ಟರ್ ಮಗ

ನನ್ನ ತಂದೆಯವರು ಹುಬ್ಬಳ್ಳಿ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ವೈ.ಪಿ. ಮತ್ತು ವೈ.ಜಿ. ಎಂಬ ಮೀಟರ್ ಗೇಜ್ ಉಗಿ ಎಂಜಿನ್ನುಗಳ ಬಗ್ಗೆ ಅವರಿಂದ ಕೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಮೆರಿಕದ ಎಂಜಿನ್ನುಗಳಿಗೂ ಇದರ ತಿರುಳು ಅನ್ವಯಿಸುತ್ತದೆ.

ಎಂಜಿನ್ನು ದೊಡ್ಡ ದುರಸ್ತಿಗೆ ಬಂದಾಗ ಅದನ್ನು ಪೂರ್ತಿ ಬಿಚ್ಚುತ್ತಾರೆ. ಇಂಜೆಕ್ಟರು, ಪ್ರೆಷರ್ ಗೇಜು, ಸಿಳ್ಳೆ, ವಾಲ್ವುಗಳು ಬೇರೆಬೇರೆ ಕಡೆ ರಿಪೇರಿಗೆ ಹೋಗುತ್ತವೆ. ಮರಳಿ ಜೋಡಿಸುವಾಗ, ಆ ಹೊತ್ತಿಗೆ ಸಿದ್ಧವಾಗಿರುವ ಅದೇ ಮಾದರಿಯ ಭಾಗವನ್ನು ಹಾಕುತ್ತಾರೆಯೇ ಹೊರತು ಅದೇ ಭಾಗಕ್ಕಾಗಿ ಯಾರೂ ಕಾಯುವುದಿಲ್ಲ. ರಾಡುಗಳಂಥ, ಒಂದು ಎಂಜಿನ್ನಿಗೆಂದೇ ಅಳತೆ ಕೂಡಿಸಿದ ಭಾಗಗಳ ಮೇಲೆ ಮಾತ್ರ ತಪ್ಪದೆ ಸಂಖ್ಯೆಯ ಪಂಚ್ ಹೊಡೆಯುತ್ತಿದ್ದರು. ಒಂದು ಎಂಜಿನ್ನು ಕಂಡೆಮ್ ಆಯಿತೆಂದರೆ ಗನ್‌ಮೆಟಲ್ ಮತ್ತು ಹಿತ್ತಾಳೆಯ ಭಾಗಗಳನ್ನು ಮೊದಲು ಬಿಚ್ಚಿ ಸ್ಟೋರಿಗೆ ಒಪ್ಪಿಸುತ್ತಿದ್ದರು, ಏಕೆಂದರೆ ಇನ್ನೂ ಓಡುತ್ತಿರುವ ಎಂಜಿನ್ನುಗಳಿಗೆ ಅವೇ ಬೇಕಾಗುತ್ತಿದ್ದವು. ಮೂವತ್ತು ವರ್ಷ ದುಡಿದ ಎಂಜಿನ್ನಿನ ಮೇಲೆ ಕೊನೆಯ ದಿನ ಇದ್ದ ಸಿಳ್ಳೆ ಅದಕ್ಕೆ ಮುನ್ನ ನಾಲ್ಕು ಎಂಜಿನ್ನುಗಳ ಮೇಲೆ ಕೂಗಿರಬಹುದು. ತಂದೆಯವರು ಈ ಮಾತನ್ನು ಹೇಳುವಾಗ ಅವರ ದನಿಯಲ್ಲಿ ಬೇಸರವಿರುತ್ತಿರಲಿಲ್ಲ, ಹೆಮ್ಮೆಯಿರುತ್ತಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ಬದಲಿಸಿಕೊಳ್ಳಬೇಕಾಗುತ್ತದೆ. ಗಂಟೆ ಯಾವ ಎಂಜಿನ್ನಿನದು ಎಂಬುದಕ್ಕಿಂತ, ಅದನ್ನು ಕೊನೆಗೆ ಯಾವ ಎಂಜಿನ್ನಿನಿಂದ ಇಳಿಸಿದರು ಎಂದು ಕೇಳಿ. ದಯವಿಟ್ಟು ಗಂಟೆಯನ್ನಷ್ಟೇ ನೋಡಬೇಡಿ. ಅದನ್ನು ಹೊತ್ತಿರುವ ಕಬ್ಬಿಣದ ನೊಗ, ಕೆಳಗಿನ ಪೀಠ, ನಾಲಿಗೆಯ ಬುಡ, ಇವುಗಳ ಮೇಲಿನ ಬಣ್ಣವನ್ನು ಹಿರಿಯರ ಒಪ್ಪಿಗೆ ಪಡೆದು ಮೆತ್ತಗೆ ತೆಗೆದು ನೋಡಿ. ಅಂಕಿಗಳು ಉಬ್ಬಾಗಿ ಎದ್ದಿದ್ದರೆ ಅವು ಎರಕದ ಅಚ್ಚಿನ ಸಂಖ್ಯೆ, ಅದೇ ಅಚ್ಚಿನ ನೂರಾರು ನೊಗಗಳ ಮೇಲೆ ಅದೇ ಸಂಖ್ಯೆ ಇರುತ್ತದೆ. ಅಂಕಿಗಳು ಒಳಕ್ಕೆ ಕುಸಿದು, ಸಾಲು ತುಸು ಡೊಂಕಾಗಿದ್ದರೆ ಅದು ಕೈಯಿಂದ ಹೊಡೆದ ಪಂಚ್. ಎಂಜಿನ್ನಿನ ಸಂಖ್ಯೆ ಸಿಗುವ ಸಂಭವ ಇರುವುದು ಅಲ್ಲಿ.

ಯಾರ್ಕ್ ವಾಸಿ

ಇಂಗ್ಲೆಂಡಿನ ಅನುಭವದಿಂದ ಎರಡು ಮಾತು. ಇಲ್ಲಿ ಎಂಜಿನ್ನಿಗೆ ಗಂಟೆ ಅಪರೂಪ. ಕಿಂಗ್ ಜಾರ್ಜ್ ದಿ ಫಿಫ್ತ್ ಎಂಬ ಎಂಜಿನ್ನು 1927ರಲ್ಲಿ ಬಾಲ್ಟಿಮೋರ್ ಅಂಡ್ ಓಹಾಯೊ ರೈಲ್ವೆಯ ಶತಮಾನೋತ್ಸವಕ್ಕೆ ಹಡಗಿನಲ್ಲಿ ಅಮೆರಿಕಕ್ಕೆ ಹೋಗಿ ಬಂದಾಗ ಉಡುಗೊರೆಯಾಗಿ ಪಡೆದ ಗಂಟೆಯನ್ನು ಮುಂಭಾಗದ ಬಫರ್ ತೊಲೆಯ ಮೇಲೆ ಧರಿಸಿತು. ಎಲ್ಲಿಂದ, ಯಾವಾಗ ಬಂತು ಎಂಬುದು ಆ ಗಂಟೆಯ ಮೇಲೆಯೇ ಕೆತ್ತಿರುವುದರಿಂದ ಯಾರಿಗೂ ಅನುಮಾನವಿಲ್ಲ.

ಇಲ್ಲಿ ಜನ ಹಂಬಲಿಸಿದ್ದು ನಾಮಫಲಕಗಳಿಗೆ. ಬ್ರಿಟಿಷ್ ರೈಲ್ವೆಯ ಮುಖ್ಯ ಮಾರ್ಗಗಳಲ್ಲಿ ಉಗಿ ಮುಗಿದದ್ದು 1968ರ ಆಗಸ್ಟಿನಲ್ಲಿ. ಅದಕ್ಕೆ ಮೊದಲೇ ರೈಲ್ವೆಯವರು ಫಲಕಗಳನ್ನು ಅಲ್ಪ ಬೆಲೆಗೆ ಸಾರ್ವಜನಿಕರಿಗೆ ಮಾರುತ್ತಿದ್ದರು. ಇಂದು ಹರಾಜಿನಲ್ಲಿ ಅವುಗಳಿಗೆ ಸಾವಿರಾರು ಪೌಂಡ್ ಬರುತ್ತದೆ, ಅದರಿಂದಾಗಿ ನಕಲುಗಳೂ ಹುಟ್ಟಿಕೊಂಡಿವೆ. ನಕಲನ್ನು ಹಿಡಿಯುವ ಒಂದು ಹಳೆಯ ಉಪಾಯವಿದೆ: ಹಿತ್ತಾಳೆ ಅಚ್ಚಿನಲ್ಲಿ ಆರುವಾಗ ನೂರಕ್ಕೆ ಸುಮಾರು ಒಂದೂವರೆಯಷ್ಟು ಕುಗ್ಗುತ್ತದೆ. ಅಸಲನ್ನೇ ಅಚ್ಚಾಗಿ ಒತ್ತಿ ಎರಕ ಹೊಯ್ದರೆ, ಒಂದು ಮೀಟರ್ ಉದ್ದದ ಫಲಕದ ನಕಲು ಹದಿನೈದು ಮಿಲಿಮೀಟರಿನಷ್ಟು ಗಿಡ್ಡವಾಗುತ್ತದೆ. ಹಿಂಬದಿಯ ಸವೆತವನ್ನೂ ಬೋಲ್ಟಿನ ತೂತುಗಳನ್ನೂ ನೋಡಬೇಕು.

ಆದರೆ ನಕಲೆಲ್ಲವೂ ಮೋಸವಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ವೇಲ್ಸ್‌ನ ಬ್ಯಾರಿ ಎಂಬಲ್ಲಿನ ವುಡ್‌ಹ್ಯಾಮ್ ಗುಜರಿ ಅಂಗಳಕ್ಕೆ 297 ಎಂಜಿನ್ನುಗಳು ಬಂದಿದ್ದವು. ಅಂಗಳದ ಮಾಲೀಕರು ಹಳೆಯ ವ್ಯಾಗನ್ನುಗಳನ್ನು ಒಡೆಯುವ ಕೆಲಸವನ್ನು ಮೊದಲು ಹಿಡಿದುದರಿಂದ ಎಂಜಿನ್ನುಗಳು ವರ್ಷಗಟ್ಟಲೆ ಕಡಲ ಗಾಳಿಯಲ್ಲಿ ತುಕ್ಕು ಹಿಡಿಯುತ್ತ ನಿಂತವು, ಕೊನೆಗೆ ಅವುಗಳಲ್ಲಿ 213ನ್ನು ಉತ್ಸಾಹಿಗಳ ಸಂಘಗಳು ಕೊಂಡು ಉಳಿಸಿದವು. ಆದರೆ ಅಷ್ಟರಲ್ಲಿ ತಾಮ್ರ ಮತ್ತು ಹಿತ್ತಾಳೆಯ ಭಾಗಗಳು ಬಹುತೇಕ ಮಾಯವಾಗಿದ್ದವು. ಯಾರದೋ ಮನೆಯ ಗೋಡೆಯ ಮೇಲೆ ಇಪ್ಪತ್ತು ವರ್ಷ ತೂಗಿದ್ದ ಒಂದು ಗೇಜು, ಒಂದು ಸಿಳ್ಳೆ ಅಂಥ ಎಂಜಿನ್ನುಗಳಿಗೆ ಮತ್ತೆ ದಾರಿ ತೋರಿಸಿದೆ: ಕೆಲವರು ವಸ್ತುವನ್ನೇ ಮರಳಿಸಿದರು, ಕೆಲವರು ಹೊಸದನ್ನು ಎರಕ ಹೊಯ್ಯಲು ಮಾದರಿಯಾಗಿ ಎರವಲು ಕೊಟ್ಟರು. ಅಂಥವರ ಬಗ್ಗೆ ನನಗೆ ಅಪಾರ ಗೌರವವಿದೆ.

ಅರಸೀಕೆರೆಯವ

ಮೂವರಿಗೂ ಕೃತಜ್ಞತೆಗಳು. ಕಳೆದ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಹಿರಿಯರೊಬ್ಬರೊಡನೆ ನಿಂತು ನೊಗದ ಬಣ್ಣವನ್ನು ತೆಗೆದು ನೋಡಿದೆ. ನೊಗದ ಮೇಲಿರುವುದು ಉಬ್ಬಿದ ಅಂಕಿಗಳು, ಎಂದರೆ ಅಚ್ಚಿನ ಸಂಖ್ಯೆ. ಆದರೆ ಪೀಠದ ಎಡಗಾಲಿನ ಒಳಬದಿಯಲ್ಲಿ ನಾಲ್ಕು ಅಂಕಿಗಳನ್ನು ಒಳಕ್ಕೆ ಹೊಡೆದಿದ್ದಾರೆ. ಮೂರು ಸ್ಪಷ್ಟವಾಗಿವೆ, ಕೊನೆಯದು ಮೂರೋ ಎಂಟೋ ತಿಳಿಯುತ್ತಿಲ್ಲ.

ಫಿಟ್ಟರ್ ಮಗ

ಉಜ್ಜುವುದನ್ನು ಅಲ್ಲಿಗೇ ನಿಲ್ಲಿಸಿ. ಇನ್ನೂ ಉಜ್ಜಿದರೆ ಅಂಕಿಯೇ ಅಳಿದೀತು. ಕತ್ತಲಾದ ಮೇಲೆ ಟಾರ್ಚನ್ನು ಲೋಹದ ಮೇಲ್ಮೈಗೆ ತಾಗುವಷ್ಟು ಓರೆಯಾಗಿ ಹಿಡಿದು, ನಾಲ್ಕು ದಿಕ್ಕಿನಿಂದಲೂ ಚಿತ್ರ ತೆಗೆಯಿರಿ. ಪಂಚ್ ಆಳಕ್ಕೆ ಇಳಿದಿರುವ ಕಡೆ ನೆರಳು ಬೀಳುತ್ತದೆ. ಎಂಟಾಗಿದ್ದರೆ ಎಡಬದಿಯ ಎರಡು ತಿರುವುಗಳಲ್ಲಿಯೂ ನೆರಳು ಕಾಣಬೇಕು. ಒಂದು ವೇಳೆ ಗಂಟೆಯೂ ಪೀಠವೂ ಬೇರೆಬೇರೆ ಎಂಜಿನ್ನುಗಳಿಂದ ಬಂದಿರಲೂಬಹುದು ಎಂಬುದನ್ನು ಹಿರಿಯರಿಗೆ ಮೊದಲೇ ತಿಳಿಸಿಡಿ.

ಧೂಮಶಕಟ

ಸ್ಯಾಕ್ರಮೆಂಟೊದಲ್ಲಿರುವ ಕ್ಯಾಲಿಫೋರ್ನಿಯಾ ರಾಜ್ಯ ರೈಲ್ವೆ ವಸ್ತುಸಂಗ್ರಹಾಲಯದ ಗ್ರಂಥಾಲಯದಲ್ಲಿ ಸದರ್ನ್ ಪೆಸಿಫಿಕ್‌ಗೆ ಸೇರಿದ ಹಳೆಯ ಕಾಗದಪತ್ರಗಳೂ ನಕ್ಷೆಗಳೂ ಇವೆ. ಚಿತ್ರಗಳೊಂದಿಗೆ ಗಂಟೆಯ ಬಾಯಿಯ ಅಗಲವನ್ನೂ ಎತ್ತರವನ್ನೂ ಅಳೆದು ಬರೆದು ಕಳುಹಿಸಿ. ಚರ್ಚಿನ ಹಳೆಯ ಸಭಾ ನಡಾವಳಿಯಲ್ಲಿ ಗಂಟೆಯನ್ನು ಸ್ವೀಕರಿಸಿದ ತಾರೀಕು ಸಿಕ್ಕರೆ, ಆ ವರ್ಷ ಗುಜರಿಗೆ ಹೋದ ಎಂಜಿನ್ನುಗಳ ಪಟ್ಟಿಯೊಂದಿಗೆ ಅದನ್ನು ಹೋಲಿಸಬಹುದು.

ಅರಸೀಕೆರೆಯವ

ಟಾರ್ಚಿನ ಬೆಳಕಿನಲ್ಲಿ ಎಡಬದಿಯ ಎರಡೂ ತಿರುವುಗಳಲ್ಲಿ ನೆರಳು ಬಿತ್ತು. ಕೊನೆಯ ಅಂಕಿ ಎಂಟೇ. ಅಳತೆಗಳನ್ನೂ ಚಿತ್ರಗಳನ್ನೂ ಗ್ರಂಥಾಲಯಕ್ಕೆ ಕಳುಹಿಸಿದ್ದೇನೆ. ನಡಾವಳಿಯ ಪುಸ್ತಕಗಳು ಚರ್ಚಿನ ಅಟ್ಟದ ಮೇಲೆ ಪೆಟ್ಟಿಗೆಯಲ್ಲಿವೆಯಂತೆ. ಮುಂದಿನ ಶನಿವಾರ ಅವನ್ನು ಕೆಳಗಿಳಿಸಲು ಹಿರಿಯರು ನನ್ನನ್ನು ಕರೆದಿದ್ದಾರೆ.