ಮೂರನೇ ಸಿಲಿಂಡರ್ ಒಂದೇ ಯಾಕೆ ಕಾಯುತ್ತದೆ? ಮನೆಯಲ್ಲಿ ಕಟ್ಟಿದ ವಿಮಾನದ ಎಂಜಿನ್ ಬಿಸಿ: ಪ್ರಶ್ನೋತ್ತರ

ಪ್ರಶ್ನೆ (ಡಲ್ಲಾಸ್ ಹತ್ತಿರದಿಂದ): ನಮಸ್ಕಾರ ಸರ್. ಆರು ವರ್ಷ ಗ್ಯಾರೇಜಿನಲ್ಲಿ ಕೂತು ಕಟ್ಟಿದ ಆರ್‌ವಿ-7 ಕಿಟ್ ವಿಮಾನ ಕಡೆಗೂ ಹಾರಿತು. ಎಂಜಿನ್ ಹೊಸ ಲೈಕಮಿಂಗ್ ಒ-360, 180 ಎಚ್‌ಪಿ. ಈವರೆಗೆ 9 ಗಂಟೆ ಆಗಿದೆ. ಟೇಕಾಫ್ ಆಗಿ ನಾಲ್ಕೈದು ನಿಮಿಷಕ್ಕೆ ಮೂರನೇ ಸಿಲಿಂಡರ್ ಹೆಡ್ 440 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ. ಉಳಿದ ಮೂರು 390ರಿಂದ 405ರ ಒಳಗೆ. ಹೊರಗೆ 95 ಡಿಗ್ರಿ ಬಿಸಿಲು. ಪಕ್ಕದ ಹ್ಯಾಂಗರ್‌ನವರು, ಕೌಲಿಂಗ್ (ಎಂಜಿನ್ ಮುಚ್ಚುವ ಹೊದಿಕೆ) ಕೆಳಗೆ ಗಾಳಿ ಹೊರಹೋಗುವ ಬಾಯಿ ಚಿಕ್ಕದಾಯ್ತು, ಕತ್ತರಿಸಿ ದೊಡ್ಡದು ಮಾಡಿ ಅಂತಾರೆ. ಗರಗಸ ಹಿಡಿಯುವ ಮುಂಚೆ ನಿಮ್ಮನ್ನು ಕೇಳೋಣ ಅನ್ನಿಸಿತು.

ಉತ್ತರ (ಏರ್‌ಕ್ರಾಫ್ಟ್ ಮೆಕ್ಯಾನಿಕ್): ಮೊದಲು ಅಭಿನಂದನೆ. ಆಮೇಲೆ ಆ ಗರಗಸ ಕೆಳಗಿಡಿ.

ಲೈಕಮಿಂಗ್ ಕೊಟ್ಟಿರುವ ಮಿತಿ 500 ಡಿಗ್ರಿ, ಅಂದರೆ 260 ಸೆಲ್ಸಿಯಸ್. ಅದು ಕೆಂಪು ಗೆರೆ, ಅಲ್ಲೇ ಸಂಸಾರ ಹೂಡುವ ಜಾಗ ಅಲ್ಲ. ಎಂಜಿನ್ ಬಾಳಿಕೆ ಬರಬೇಕಾದರೆ 435ರ ಒಳಗಿರಲಿ ಎಂದು ಅವರೇ ಹೇಳುತ್ತಾರೆ. ನಾನಂತೂ ಕ್ರೂಸ್‌ನಲ್ಲಿ (ಏರಿದ ಮೇಲೆ ಸಮನಾಗಿ ಹಾರುವಾಗ) 400 ದಾಟಿದರೆ ಕಾರಣ ಹುಡುಕಲು ಶುರು ಮಾಡುತ್ತೇನೆ. ಹೆಡ್ ಅಲ್ಯುಮಿನಿಯಂನದ್ದು. ಬಿಸಿ ಏರಿದಷ್ಟೂ ಅದರ ಗಟ್ಟಿತನ ಇಳಿಯುತ್ತದೆ.

ಹೊಸ ಎಂಜಿನ್‌ನಲ್ಲಿ ರಿಂಗ್‌ಗಳು ಸಿಲಿಂಡರ್ ಗೋಡೆಗೆ ಉಜ್ಜಿ ಕೂರುವವರೆಗೆ ಬಿಸಿ ಸ್ವಲ್ಪ ಜಾಸ್ತಿನೇ ಇರುತ್ತದೆ. ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಹೊತ್ತು) ಎಂಜಿನ್‌ನ ಡೇಟಾ ಪ್ಲೇಟ್‌ನಲ್ಲಿ ಕೆತ್ತಿದ್ದಕ್ಕಿಂತ ಮುಂದಿದ್ದರೂ ಬಿಸಿ ಏರುತ್ತದೆ, ಟೇಕಾಫ್‌ನಲ್ಲಿ ಮಿಕ್ಸ್ಚರ್ ಲೀನ್ ಆದರೂ, ಅಂದರೆ ಗಾಳಿಗೆ ಬೆರೆಯುವ ಇಂಧನ ಕಡಿಮೆಯಾದರೂ, ಏರುತ್ತದೆ. ಆದರೆ ಹಾಗೆಲ್ಲ ಆದಾಗ ಸಾಮಾನ್ಯವಾಗಿ ನಾಲ್ಕೂ ಕಾಯುತ್ತವೆ. ನಿಮ್ಮದು ಒಂದೇ ಕಾಯುತ್ತಿದೆ, ಅಲ್ವಾ? ಹಾಗಾಗಿ ಮೊದಲ ಅನುಮಾನ ಗಾಳಿಯ ದಾರಿ ಮೇಲೆ.

ಅದಕ್ಕೂ ಮುಂಚೆ ಹತ್ತು ನಿಮಿಷದ ಕೆಲಸ ಒಂದಿದೆ. ಮೂರನೇ ಮತ್ತು ಒಂದನೇ ಸಿಲಿಂಡರ್‌ಗಳ ಪ್ರೋಬ್ (ಬಿಸಿ ಅಳೆಯುವ ಸೆನ್ಸರ್) ಅದಲು ಬದಲು ಮಾಡಿ ಹಾರಿಸಿ. 440 ಒಂದನೆಯದಕ್ಕೆ ಬಂದರೆ ಸುಳ್ಳು ಹೇಳುತ್ತಿರುವುದು ಪ್ರೋಬ್. ಸ್ಪಾರ್ಕ್ ಪ್ಲಗ್ ಕೆಳಗೆ ಹಾಕುವ ಬಳೆಯಂಥ ಪ್ರೋಬ್ ಒಂದರಲ್ಲಿ ಮಾತ್ರ ಇದ್ದರೂ ಲೆಕ್ಕ ತಪ್ಪುತ್ತದೆ, ಅದು ಸಾಮಾನ್ಯವಾಗಿ ಜಾಸ್ತಿ ತೋರಿಸುತ್ತದೆ.

ಪ್ರೋಬ್ ಸರಿ ಇದ್ದರೆ ಮುಂದೆ ಓದಿ. ಮುಂದಿನ ಎರಡು ಬಾಯಿಂದ ಬಂದ ಗಾಳಿ ಎಂಜಿನ್ ಮೇಲೆ ಒತ್ತಡ ಕಟ್ಟಿಕೊಂಡು ನಿಲ್ಲಬೇಕು. ಅಲ್ಲಿಂದ ಸಿಲಿಂಡರ್‌ಗಳ ರೆಕ್ಕೆಗಳ (ಬಿಸಿ ಬಿಟ್ಟುಕೊಡುವ ತೆಳು ಪಟ್ಟಿಗಳ) ನಡುವೆ ನುಸುಳಿ ಕೆಳಗೆ ಇಳಿಯಬೇಕು. ಅದು ಬೇರೆ ಕಡೆ ಓಡದಂತೆ ಕಟ್ಟಿದ ತಗಡಿನ ಗೋಡೆಯೇ ಬ್ಯಾಫಲ್. ಊದುಕೊಳವೆ ನಡುವೆ ತೂತಿದ್ದರೆ ಎಷ್ಟು ಊದಿದರೂ ಒಲೆ ಹತ್ತುವುದಿಲ್ಲ, ನೋಡಿ. ಇಲ್ಲೂ ಅಷ್ಟೇ. ಸಂದಿಯಲ್ಲಿ ಸೋರಿದ ಗಾಳಿ ಸುಮ್ನೆ ಕೆಳಗೆ ಹೋಗುತ್ತದೆ, ಬಿಸಿ ಹೊತ್ತುಕೊಂಡು ಹೋಗುವುದಿಲ್ಲ. ಕಾರ್ಖಾನೆ ವಿಮಾನದಲ್ಲಿ ಇದನ್ನೆಲ್ಲ ಯಾರೋ ಪರೀಕ್ಷೆ ಮಾಡಿಟ್ಟಿರುತ್ತಾರೆ. ನಮ್ಮದರಲ್ಲಿ ತಗಡು ಕತ್ತರಿಸಿದ್ದೂ ನಾವೇ, ರಬ್ಬರ್ ಅಂಟಿಸಿದ್ದೂ ನಾವೇ.

ರಾತ್ರಿ ಹ್ಯಾಂಗರ್ ದೀಪ ಆರಿಸಿ. ಮೇಲಿನ ಕೌಲಿಂಗ್ ಹಾಕಿರಲಿ, ಕೆಳಗಿನದು ಬಿಚ್ಚಿ. ಮುಂದಿನ ಬಾಯಿಂದ ಒಳಗೆ ಒಂದು ಜೋರು ಟಾರ್ಚ್ ಇಟ್ಟು, ನೀವು ಕೆಳಗೆ ಮಲಗಿ ಮೇಲೆ ನೋಡಿ. ರೆಕ್ಕೆಗಳ ನಡುವೆ ಬೆಳಕು ಕಾಣಬೇಕು, ಅದು ಸರಿ. ಬ್ಯಾಫಲ್ ಮೂಲೆಯಲ್ಲಿ, ಬೋಲ್ಟ್ ಪಕ್ಕ, ಆಯಿಲ್ ಕೂಲರ್ ಅಂಚಿನಲ್ಲಿ ನಕ್ಷತ್ರದ ಹಾಗೆ ಮಿನುಗಿದರೆ ಅದೆಲ್ಲ ಸೋರಿಕೆ. ಮಾರ್ಕರ್‌ನಿಂದ ಗುರುತು ಹಾಕಿ, ಬಿಸಿ ತಡೆಯುವ ಕೆಂಪು ಸಿಲಿಕೋನ್ ತುಂಬಿ.

ಬ್ಯಾಫಲ್ ಅಂಚಿನ ರಬ್ಬರ್ ಸೀಲ್ ಎಲ್ಲ ಕಡೆ ಒಳಗಡೆಗೆ, ಒತ್ತಡ ಇರುವ ಕಡೆಗೆ ಬಾಗಿರಬೇಕು. ಆಗ ಗಾಳಿಯೇ ಅದನ್ನು ಕೌಲಿಂಗ್‌ಗೆ ಒತ್ತಿ ಹಿಡಿಯುತ್ತದೆ. ಕೌಲಿಂಗ್ ಮುಚ್ಚುವಾಗ ಒಂದು ಕಡೆ ಹೊರಕ್ಕೆ ಮಡಚಿಕೊಂಡರೆ ಕೈಬೆರಳು ತೂರುವಷ್ಟು ಬಾಗಿಲು ತೆರೆದಂತೆ. ಇದು ನನ್ನ ಅನುಭವ. ಹಿಂದೆ ಒಂದು ಆರ್‌ವಿಯಲ್ಲಿ ನಾನೇ ಆತುರಪಟ್ಟು ಹೊರಬಾಯಿ ಒಂದಿಂಚು ಕತ್ತರಿಸಿದ್ದೆ. ಬಿಸಿ ಇಳಿಯಲೇ ಇಲ್ಲ, ವೇಗ ಮಾತ್ರ ಇಳಿಯಿತು. ಆಮೇಲೆ ನೋಡಿದರೆ ಸೀಲ್ ಮಡಚಿಕೊಂಡಿತ್ತು. ಕತ್ತರಿಸಿದ ಫೈಬರ್‌ಗ್ಲಾಸ್ ಮತ್ತೆ ಕೂಡಿಸಲು ಎರಡು ವಾರಾಂತ್ಯ ಹೋಯಿತು.

ಈಗ ನಿಮ್ಮ ಮೂರನೆಯದು. ಬಲಗಡೆ ಹಿಂದೆ ಇರುವುದು ಅದೇ. ಅದರ ಹೆಡ್‌ನ ಹಿಂಬದಿಯಲ್ಲಿ ರೆಕ್ಕೆಗಳು ತೀರಾ ಗಿಡ್ಡ. ಹಿಂದಿನ ಬ್ಯಾಫಲ್ ಅದಕ್ಕೆ ಅಂಟಿಕೊಂಡಂತೆ ಕೂತರೆ ಅಲ್ಲಿ ಗಾಳಿಗೆ ದಾರಿಯೇ ಇಲ್ಲ. ಆ ತಗಡನ್ನು ಹೆಡ್‌ಗೆ ಬಿಗಿಯುವ ಬೋಲ್ಟ್‌ಗೆ ಎರಡು ಮೂರು ವಾಷರ್ ಹಾಕಿ, ಕಾಲಿಂಚಿನ ಅರ್ಧದಷ್ಟು ಜಾಗ ಬಿಡಿಸಿ. ಎಡಗಡೆ ಮುಂದಿನ ಎರಡನೇ ಸಿಲಿಂಡರ್‌ಗೂ ಇದೇ ರೋಗ, ಅಲ್ಲಿ ಗಿಡ್ಡ ರೆಕ್ಕೆ ಮುಂಬದಿಯಲ್ಲಿ ಇರುತ್ತದೆ. ಹಾಗೆಯೇ ಸಿಲಿಂಡರ್‌ಗಳ ನಡುವೆ ಕೆಳಗಿನಿಂದ ತಬ್ಬಿಕೊಳ್ಳುವ ಬಾಗಿದ ಸಣ್ಣ ತಗಡು ಇದೆಯಾ, ಬಿಗಿಯಾಗಿದೆಯಾ ನೋಡಿ. ಅದನ್ನು ಮರೆತು ಹಾರಿಸಿದವರನ್ನೂ ಕಂಡಿದ್ದೇನೆ.

ಅಲ್ಲಿಯವರೆಗೆ ಮೂಗು ತಗ್ಗಿಸಿ 120 ನಾಟ್‌ನಲ್ಲಿ ಏರಿ, ಮಿಕ್ಸ್ಚರ್ ಫುಲ್ ರಿಚ್ (ಇಂಧನ ಪೂರ್ತಿ) ಇರಲಿ. ನೆಲದ ಮೇಲೆ ಸುಮ್ನೆ ಎಂಜಿನ್ ಓಡಿಸುತ್ತಾ ನಿಲ್ಲಬೇಡಿ, ಹೊಸ ಎಂಜಿನ್‌ಗೆ ಅದು ಒಳ್ಳೆಯದಲ್ಲ. ಇಎಎ (ಮನೆಯಲ್ಲಿ ವಿಮಾನ ಕಟ್ಟುವವರ ಅಮೆರಿಕದ ಸಂಘ) ಟೆಕ್ನಿಕಲ್ ಕೌನ್ಸಿಲರ್ ಹತ್ತಿರದಲ್ಲಿದ್ದರೆ ಕರೆದು ತೋರಿಸಿ, ದುಡ್ಡು ಕೇಳುವುದಿಲ್ಲ.

ಇನ್ನೊಬ್ಬರು (ಬೆಂಗಳೂರು): ಅಣ್ಣಾ, ನಾನು ಹಾರಿಸುವ ಮೈಕ್ರೋಲೈಟ್‌ನಲ್ಲಿ ರೋಟ್ಯಾಕ್ಸ್ 912 ಇದೆ. ಇದೆಲ್ಲ ಅದಕ್ಕೂ ಲಾಗೂ ಆಗುತ್ತಾ?

ಉತ್ತರ: ಅರ್ಧ ಮಾತ್ರ. ಅದರಲ್ಲಿ ಹೆಡ್‌ಗೆ ನೀರು, ಸಿಲಿಂಡರ್‌ಗೆ ಗಾಳಿ. ನಿಮ್ಮ ತಲೆನೋವು ರೇಡಿಯೇಟರ್ ಮತ್ತು ಆಯಿಲ್ ಕೂಲರ್. ಅವುಗಳ ಸುತ್ತಲೂ ಸಂದಿದ್ದರೆ ಗಾಳಿ ಪಕ್ಕದಲ್ಲೇ ಜಾರಿಕೊಳ್ಳುತ್ತದೆ, ಸೋರಿಕೆಯ ಪಾಠ ಅಲ್ಲೂ ಅದೇ. ಆದರೆ ತೀರಾ ತಣ್ಣಗಿದ್ದರೂ ತೊಂದರೆ. ಎಣ್ಣೆ 50 ಸೆಲ್ಸಿಯಸ್ ಮುಟ್ಟುವ ಮುಂಚೆ ಫುಲ್ ಪವರ್ ಕೊಡಬೇಡಿ. ಹಾರುವ ದಿನ ಒಮ್ಮೆಯಾದರೂ ಎಣ್ಣೆ 100 ಮುಟ್ಟಲಿ, ಒಳಗೆ ಕೂತ ನೀರಿನ ಪಸೆ ಆರಬೇಕು. ಡಿಸೆಂಬರ್ ಬೆಳಿಗ್ಗೆ ಎಣ್ಣೆ ಕಾಯುತ್ತಲೇ ಇಲ್ಲ ಅಂದರೆ ಕೂಲರ್‌ನ ಒಂದು ಭಾಗಕ್ಕೆ ಟೇಪ್ ಹಾಕುವವರಿದ್ದಾರೆ. ಮಧ್ಯಾಹ್ನ ಅದನ್ನು ತೆಗೆಯುವುದು ನೆನಪಿರಲಿ.

ಮತ್ತೊಬ್ಬರು: ಎಂಜಿನ್ ಹಿಂದೆ ಇರುವ ವಿಮಾನಕ್ಕೆ ಏನು ಮಾಡ್ತಾರೆ ಸರ್? ನಮ್ಮ ಎನ್‌ಎಎಲ್ (ಬೆಂಗಳೂರಿನ ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆ) 1987ರಲ್ಲಿ ಹಾರಿಸಿದ ಎಲ್‌ಸಿಆರ್‌ಎ ಎಂಬ ಪುಟ್ಟ ವಿಮಾನ ಹಾಗೇ ಇತ್ತಲ್ಲ.

ಉತ್ತರ: ಹೌದು, ಅದು ಬರ್ಟ್ ರುಟಾನ್ ಅವರ ಲಾಂಗ್-ಈಜಿ ವಿನ್ಯಾಸದ ಮೇಲೆ ಕಟ್ಟಿದ್ದು. ಮುಂದೆ ಎನ್‌ಎಎಲ್‌ನದೇ ಹಂಸ ತರಬೇತಿ ವಿಮಾನ ಬರುವ ಮುಂಚಿನ ಕತೆ. ಲಾಂಗ್-ಈಜಿಯಲ್ಲಿ ಗಾಳಿ ಹೊಟ್ಟೆಯ ಕೆಳಗಿನ ಬಾಯಿಂದ ಒಳಗೆ ಬಂದು ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಪ್ರೊಪೆಲ್ಲರ್ ಹಿಂದಿರುವುದರಿಂದ ಅದು ಆ ಬಾಯಿಗೆ ಗಾಳಿ ತಳ್ಳಿಕೊಡುವುದಿಲ್ಲ. ಟ್ಯಾಕ್ಸಿ ಮಾಡುವಾಗ, ಬಿಸಿಲಲ್ಲಿ ಸರದಿ ಕಾಯುವಾಗ ಗೇಜ್ ಮೇಲೇ ಕಣ್ಣಿಡಬೇಕು.

ಪ್ರಶ್ನೆ ಕೇಳಿದವರು (12 ದಿನದ ನಂತರ): ಸರ್, ಪ್ರೋಬ್ ಸರಿ ಇತ್ತು. ಟಾರ್ಚ್ ಇಟ್ಟು ನೋಡಿದೆ, ಹನ್ನೊಂದು ಕಡೆ ಬೆಳಕು! ಹೆಂಡತಿ ಕೆಳಗೆ ಮಲಗಿ ಎಣಿಸಿದಳು, ನಾನು ಮೇಲೆ ಟಾರ್ಚ್ ಹಿಡಿದಿದ್ದೆ. ಎಲ್ಲ ತುಂಬಿದೆ, ಮೂರನೆಯದರ ಹಿಂದೆ ವಾಷರ್ ಹಾಕಿದೆ. ಈಗ ಏರುವಾಗ 412, ಕ್ರೂಸ್‌ನಲ್ಲಿ 381. ಆದರೆ ಈಗ ಎರಡನೆಯದು 418 ತೋರಿಸುತ್ತಿದೆ.

ಉತ್ತರ: ಹನ್ನೊಂದಾ! ಎರಡನೆಯದರ ಮುಂದೆ ಗಾಳಿ ತಡೆಯಲು ನಿಲ್ಲಿಸಿದ ಸಣ್ಣ ತಗಡು ಇದೆಯಲ್ಲ, ಅದರ ಎತ್ತರ ಜಾಸ್ತಿ ಆಗಿರಬೇಕು. ಮೇಲಿನಿಂದ ಕಾಲಿಂಚು ಕತ್ತರಿಸಿ, ಒಂದು ಸಲ ಹಾರಿಸಿ, ನಾಲ್ಕೂ ಅಂಕಿ ಬರೆದುಕೊಳ್ಳಿ. ಜಾಸ್ತಿ ಕತ್ತರಿಸಿದಿರಿ ಅನ್ನಿಸಿದರೆ ಅಲ್ಯುಮಿನಿಯಂ ಟೇಪ್ ಹಾಕಿ ಎತ್ತರ ವಾಪಸ್ ತರಬಹುದು. ಗರಗಸ ಬೇಡ, ಕತ್ತರಿ ಸಾಕು.