ಹೆರದೆ ಎದೆಹಾಲು ಬರಿಸಲು ಬ್ರಾ ಒಳಗಿನ ಪಂಪ್ ಒಂದೇ ಸಾಕೇ? ಅನುಭವವಿದ್ದವರು ತಿಳಿಸಿ

ಪ್ರಶ್ನೆ, ಹುಬ್ಬಳ್ಳಿಯಿಂದ:
ನನಗೆ 37 ವರ್ಷ, ಬ್ಯಾಂಕಿನಲ್ಲಿ ಕೆಲಸ. ದತ್ತು ಪಡೆಯಲು ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರವಾದ ಕಾರಾದಲ್ಲಿ ಹೆಸರು ನೋಂದಾಯಿಸಿದ್ದೇವೆ, ಸರದಿ ಹತ್ತಿರ ಬಂದಿದೆ. ನಾನು ಎಂದೂ ಗರ್ಭಿಣಿಯಾದವಳಲ್ಲ. ಆದರೂ ಪ್ರಯತ್ನಿಸಿದರೆ ಹಾಲು ಬರಬಹುದು ಎಂದು ನಮ್ಮ ಡಾಕ್ಟರಮ್ಮ ಹೇಳಿದ ದಿನದಿಂದ ನನ್ನ ಮನಸ್ಸು ಅದರಲ್ಲೇ ಇದೆ. ದಿನಕ್ಕೆ ಎಂಟು ಬಾರಿ ಪಂಪ್ ಹಚ್ಚಬೇಕಂತೆ. ಕೌಂಟರಿನಲ್ಲಿ ಕೂರುವವಳಿಗೆ ವೈರು, ಬಾಟಲಿಗಳ ಪಂಪ್ ಆಗದ ಮಾತು. ಬ್ರಾ ಒಳಗೆ ಕೂರಿಸಿಕೊಳ್ಳುವ ಬಟ್ಟಲಿನಂಥ ಪಂಪ್ ಮಾತ್ರ ಕೊಂಡರೆ ಸಾಕೇ? ಎಷ್ಟು ದಿನ ಕಾಯಬೇಕು? ದಯವಿಟ್ಟು ಬರೆಯಿರಿ.

ಮೈಸೂರಿನಿಂದ, ದತ್ತು ಮಗಳ ತಾಯಿ:
ಸಾಲದು ತಂಗಿ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಾನು ಕಳೆದುಕೊಂಡ ಐದು ವಾರಗಳನ್ನು ನೀವು ಕಳೆದುಕೊಳ್ಳಬಾರದು.

ನಾನೂ ಬಟ್ಟಲಿನ ಪಂಪನ್ನು ಮಾತ್ರ ಕೊಂಡಿದ್ದೆ. ಐದು ವಾರ ಹಚ್ಚಿದರೂ ತೊಟ್ಟು ಕೆಂಪಾಗಿ ಉರಿಯಿತೇ ಹೊರತು ಹನಿಯೂ ಕಾಣಲಿಲ್ಲ. ಸ್ತನ್ಯಪಾನ ಸಲಹೆಗಾರ್ತಿಯ ಬಳಿ ಹೋದಾಗ ಅವರು ಮೊದಲು ಕೈಗೆತ್ತಿಕೊಂಡದ್ದು ಅಳತೆಯ ಪಟ್ಟಿ. ಡಬ್ಬಿಯಲ್ಲಿ ಬಂದಿದ್ದ, ತೊಟ್ಟು ಒಳಗೆ ಕೂರುವ ಕೊಳವೆ 24 ಮಿಲಿಮೀಟರಿನದು, ನನ್ನ ತೊಟ್ಟಿನ ಬುಡ 15. ಹೀರಿಕೆಯ ಜೋರೆಲ್ಲ ಸುತ್ತಲಿನ ಚರ್ಮವನ್ನು ಎಳೆಯುತ್ತಿತ್ತು. ಒಳಗೆ ಸಿಕ್ಕಿಸುವ 17ರ ಸಿಲಿಕೋನ್ ತುಂಡು ಹಾಕಿದ ಮೇಲೆ ಉರಿ ನಿಂತಿತು. ಕಪ್ಪು ವೃತ್ತವನ್ನು ಸೇರಿಸದೆ ತೊಟ್ಟನ್ನಷ್ಟೇ ಅಳೆಯಿರಿ. ಎರಡೂ ಕಡೆ ಅಳೆಯಿರಿ, ನನಗೆ ಬಲಕ್ಕೂ ಎಡಕ್ಕೂ ಎರಡು ಮಿಲಿಮೀಟರ್ ವ್ಯತ್ಯಾಸವಿತ್ತು.

ಇನ್ನು ಪಂಪಿನ ವಿಷಯ. ಹೆತ್ತ ತಾಯಿಯ ಎದೆಯನ್ನು ಹಾಲಿಗೆ ಸಿದ್ಧಮಾಡಲು ಒಂಬತ್ತು ತಿಂಗಳ ಹಾರ್ಮೋನುಗಳು ಇರುತ್ತವೆ. ನಮಗೆ ಅವಿಲ್ಲ. ತೊಟ್ಟಿನಿಂದ ಮಿದುಳಿಗೆ ಸುದ್ದಿ ಹೋಗಿ, ಅಲ್ಲಿಂದ ಹಾಲು ಬರಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಬರಬೇಕು. ಆ ಸುದ್ದಿಯನ್ನು ಮತ್ತೆ ಮತ್ತೆ, ಹಗಲೂ ರಾತ್ರಿಯೂ ಕಳುಹಿಸುತ್ತಿರಬೇಕು. ಬಟ್ಟಲಿನ ಪಂಪಿನ ಮೋಟಾರು ಚಿಕ್ಕದು, ಬ್ಯಾಟರಿಯೂ ಚಿಕ್ಕದು. ಮೇಲಾಗಿ ತೊಟ್ಟು ನಡುವಿಗೆ ಕೂತಿದೆಯೇ ಎಂದು ಕಾಣುವುದೂ ಕಷ್ಟ. ಆಗಲೇ ಹಾಲು ಹರಿಯುತ್ತಿರುವವರಿಗೆ ಅದು ದೊಡ್ಡ ಅನುಕೂಲ. ಇಲ್ಲದ ಹಾಲನ್ನು ಬರಿಸಲು ಆಸ್ಪತ್ರೆ ದರ್ಜೆಯ, ಎರಡೂ ಕಡೆ ಒಟ್ಟಿಗೆ ಎಳೆಯುವ ಪಂಪ್ ಬೇಕು. ಅದನ್ನು ಬಾಡಿಗೆಗೆ ತಂದೆ. ಬೆಳಿಗ್ಗೆ ಎರಡು, ಸಂಜೆಯಿಂದ ಮಲಗುವವರೆಗೆ ಮೂರು, ನಡುರಾತ್ರಿ ಒಂದು ಬಾರಿ ಅದೇ ಪಂಪ್. ಕಚೇರಿಯ ಎರಡು ಸರದಿಗೆ ಬಟ್ಟಲು. ಒಂದೊಂದು ಸಲ 15ರಿಂದ 20 ನಿಮಿಷ. ನಡುರಾತ್ರಿಯದನ್ನು ಮಾತ್ರ ಬಿಡಬೇಡಿ, ಪ್ರೊಲ್ಯಾಕ್ಟಿನ್ ಏರುವ ಹೊತ್ತು ಅದು.

ಹೊಸ ಕ್ರಮ ಹಿಡಿದ ಹತ್ತೊಂಬತ್ತನೆಯ ದಿನ ಕೊಳವೆಯ ಅಂಚಿನಲ್ಲಿ ಒಂದು ಹನಿ ನಿಂತಿತ್ತು. ಅತ್ತೆಯನ್ನು ಎಬ್ಬಿಸಿ ತೋರಿಸಿದೆ. ಎರಡು ತಿಂಗಳ ಹೊತ್ತಿಗೆ ದಿನಕ್ಕೆ 150 ಮಿಲಿಲೀಟರ್ ಆಗುತ್ತಿತ್ತು, ಅದಕ್ಕಿಂತ ಹೆಚ್ಚಲಿಲ್ಲ. ಉಳಿದದ್ದು ಪುಡಿ ಹಾಲು.

ಮಗಳು ಬಂದಾಗ ಅವಳಿಗೆ ನಾಲ್ಕು ತಿಂಗಳು. ಹೆತ್ತವರೇ ದತ್ತಿಗೆ ಒಪ್ಪಿಸಿದ ಮಗುವಾದರೆ ಅವರಿಗೆ ಮನಸ್ಸು ಬದಲಿಸಲು 60 ದಿನಗಳ ಅವಕಾಶವಿರುವುದರಿಂದ ಎಳೆಗೂಸು ಕೈಗೆ ಬರುವುದಿಲ್ಲ. ಬಾಟಲಿಗೆ ಒಗ್ಗಿದ್ದ ಅವಳು ಎದೆಯನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು. ಸಣ್ಣ ನಳಿಕೆಯನ್ನು ತೊಟ್ಟಿನ ಪಕ್ಕ ಅಂಟಿಸಿ, ಅದರಲ್ಲಿ ಹಾಲು ಬರುವಂತೆ ಮಾಡಿ, ಅರೆನಿದ್ದೆಯಲ್ಲಿದ್ದಾಗ ಹಚ್ಚಿಕೊಂಡೆ. ಮೂರು ವಾರ ಹಿಡಿಯಿತು. ಹಸು ತೊರೆ ಬಿಡಲು ಕರು ಬೇಕು ಎಂದು ಅತ್ತೆ ಹೇಳುತ್ತಿದ್ದರು. ಅವಳು ಬಾಯಿ ಹಚ್ಚಿದ ವಾರದಲ್ಲಿ ಆದ ಹಾಲು ಪಂಪಿಗೆ ಒಂದು ದಿನವೂ ಆಗಿರಲಿಲ್ಲ.

ಬೆಂಗಳೂರಿನಿಂದ, ನವಜಾತ ಶಿಶು ವಾರ್ಡಿನ ನರ್ಸ್:
ಔಷಧಿಯ ಬಗ್ಗೆ ಯಾರೂ ಬರೆದಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. ಹಾಲು ಹೆಚ್ಚಲೆಂದು ಡಾಂಪೆರಿಡೋನ್ ಕೊಡುವುದುಂಟು. ಅದು ವಾಂತಿ ನಿಲ್ಲಿಸುವ ಮಾತ್ರೆ, ಪ್ರೊಲ್ಯಾಕ್ಟಿನ್ ಏರುವುದು ಅದರ ಇನ್ನೊಂದು ಪರಿಣಾಮ. ಹೃದಯದ ಬಡಿತದ ಲಯವನ್ನು ಕೆಡಿಸಬಲ್ಲದು ಎಂಬ ಕಾರಣಕ್ಕೆ ಅಮೆರಿಕದಲ್ಲಿ 2004ರಲ್ಲೇ ಎಚ್ಚರಿಕೆ ಹೊರಡಿಸಿದ್ದಾರೆ. ಅಕ್ಕಪಕ್ಕದವರು ಹೇಳಿದರೆಂದು ಔಷಧಿ ಅಂಗಡಿಯಲ್ಲಿ ಕೇಳಿ ತರಬೇಡಿ. ಮೊದಲು ಇಸಿಜಿ, ತೆಗೆದುಕೊಳ್ಳುತ್ತಿರುವ ಇತರ ಮಾತ್ರೆಗಳ ಪಟ್ಟಿ, ಆಮೇಲೆ ವೈದ್ಯರ ಚೀಟಿ. ನಿಲ್ಲಿಸುವಾಗಲೂ ಹಂತ ಹಂತವಾಗಿ ನಿಲ್ಲಿಸಬೇಕು.

ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಊಟದಲ್ಲಿ ಎಷ್ಟಾದರೂ ಇರಲಿ. ಮೆಂತ್ಯವನ್ನು ಮಾತ್ರ ಔಷಧಿಯಂತೆ ಹೆಚ್ಚು ತಿನ್ನುವವರು ಸಕ್ಕರೆಯ ಮಟ್ಟ ಇಳಿಯಬಹುದು ಎಂಬುದನ್ನು ನೆನಪಿಡಿ. ಹೀರಿಕೆಯನ್ನು ಗರಿಷ್ಠಕ್ಕೆ ಏರಿಸಿದರೆ ಹಾಲು ಬೇಗ ಬರುವುದಿಲ್ಲ, ಗಾಯವಾಗುತ್ತದೆ. ನೋವಾಗದ ಮಟ್ಟದಲ್ಲೇ ಇಡಿ. ತೆಗೆದ ಹಾಲು ಹೊರಗೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ. ನಮ್ಮ ಬೇಸಿಗೆಯಲ್ಲಿ ನಾಲ್ಕು ಗಂಟೆಯನ್ನೂ ನಂಬಬೇಡಿ.

ದಾವಣಗೆರೆಯಿಂದ:
ನನ್ನ ಮಗನನ್ನು ಹೊತ್ತವರು ಬಾಡಿಗೆ ತಾಯಿ. ನಮಗೆ ಹೆರಿಗೆಯ ತಾರೀಖು ಗೊತ್ತಿದ್ದುದರಿಂದ ವೈದ್ಯರು ತಿಂಗಳುಗಟ್ಟಲೆ ಮೊದಲೇ ಹಾರ್ಮೋನ್ ಮಾತ್ರೆ ಕೊಟ್ಟು, ಹೆರಿಗೆಗೆ ಆರು ವಾರ ಇರುವಾಗ ಅದನ್ನು ನಿಲ್ಲಿಸಿ ಪಂಪ್ ಆರಂಭಿಸಿದರು. ದತ್ತಿನಲ್ಲಿ ಆ ಲೆಕ್ಕ ಹಾಕಲಾಗದು. ಮಗುವಿನ ವಿವರ ಬಂದರೆ ಒಪ್ಪಲು 48 ಗಂಟೆ ಮಾತ್ರ. ಆದ್ದರಿಂದ ನಿಮ್ಮ ಡಾಕ್ಟರಮ್ಮನನ್ನು ಮಾತ್ರೆ ಬೇಕೇ, ನೇರವಾಗಿ ಪಂಪಿನಿಂದಲೇ ಆರಂಭಿಸುವುದೇ ಎಂದು ಈಗಲೇ ಕೇಳಿ. ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದರೆ ಹಾರ್ಮೋನ್ ಮಾತ್ರೆಗೆ ಮೊದಲೇ ಅದನ್ನೂ ಹೇಳಿ.

ಶಿವಮೊಗ್ಗದಿಂದ:
ನನಗೆ ಬರಲಿಲ್ಲ. ಒಂಬತ್ತು ವಾರ, ದಿನಕ್ಕೆ ಏಳೆಂಟು ಬಾರಿ, ಸರಿಯಾದ ಅಳತೆ, ಸರಿಯಾದ ಪಂಪ್. ಕೆಲವು ಹನಿಗಳ ಆಚೆ ಹೋಗಲಿಲ್ಲ. ಇಂಥ ಉತ್ತರವೂ ನಿಮಗೆ ಬೇಕು ಎಂದು ಬರೆಯುತ್ತಿದ್ದೇನೆ. ಹತ್ತನೆಯ ವಾರ ಪಂಪನ್ನು ಹಿಂತಿರುಗಿಸಿ, ನಳಿಕೆಯಲ್ಲಿ ಪುಡಿ ಹಾಲನ್ನೇ ಎದೆಯ ಬಳಿ ಕುಡಿಸಿದೆ. ಎಂಟು ತಿಂಗಳಾಗುವವರೆಗೆ ಮಗ ಹಾಗೆಯೇ ಕುಡಿದ, ಒಂದು ಕೈಯಲ್ಲಿ ನನ್ನ ತಾಳಿ ಹಿಡಿದುಕೊಂಡು.

ಹುಬ್ಬಳ್ಳಿಯಿಂದ, ಪ್ರಶ್ನೆ ಕೇಳಿದವರು:
ಶಿವಮೊಗ್ಗದ ಅಕ್ಕನ ಉತ್ತರವನ್ನು ನಮ್ಮ ಯಜಮಾನರಿಗೆ ಓದಿ ಹೇಳಿದೆ, ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆವು. ಸೋಮವಾರ ಇಸಿಜಿ. ದೊಡ್ಡ ಪಂಪನ್ನು ಎರಡು ತಿಂಗಳ ಬಾಡಿಗೆಗೆ ವಿಚಾರಿಸಿದ್ದೇನೆ. ಅಳೆದು ನೋಡಿದೆ, 16. ಮೈಸೂರಿನ ಅಕ್ಕ, ಕಚೇರಿಯಲ್ಲಿ ಬಟ್ಟಲನ್ನು ಎಲ್ಲಿ ತೊಳೆಯುತ್ತಿದ್ದಿರಿ? ನಮ್ಮಲ್ಲಿ ಇರುವುದು ಒಂದೇ ನಲ್ಲಿ, ಅದೂ ಶೌಚಾಲಯದಲ್ಲಿ.

ಮೈಸೂರಿನಿಂದ:
ತೊಳೆಯುತ್ತಿರಲಿಲ್ಲ. ಬಿಡಿಭಾಗಗಳ ಎರಡು ಜೊತೆ ಕೊಂಡಿದ್ದೆ. ಕುದಿಸಿ ಒಣಗಿಸಿದ್ದನ್ನು ಎರಡು ಮುಚ್ಚಳದ ಡಬ್ಬಿಗಳಲ್ಲಿ ಬೆಳಿಗ್ಗೆಯೇ ತೆಗೆದುಕೊಂಡು ಹೋಗಿ, ಬಳಸಿದ್ದನ್ನು ಬೇರೆ ಚೀಲದಲ್ಲಿ ಮನೆಗೆ ತರುತ್ತಿದ್ದೆ. ಹಾಲನ್ನು ಕೆಳಕ್ಕೆ ಬಿಟ್ಟು ಹಿಂದಕ್ಕೆ ಬರದಂತೆ ತಡೆಯುವ ಸಣ್ಣ ರಬ್ಬರಿನ ಕವಾಟ ಒಂದೆರಡು ಹೆಚ್ಚಿಗೆ ಇಟ್ಟುಕೊಳ್ಳಿ, ಅದು ಸಡಿಲವಾದರೆ ಹೀರಿಕೆ ಇಳಿದುಬಿಡುತ್ತದೆ. ಬಟ್ಟಲು ಎದೆಯ ಮೇಲಿರುವಾಗ ಕೆಳಗೆ ಬಿದ್ದ ಪೆನ್ನನ್ನು ಬಗ್ಗಿ ಎತ್ತಿಕೊಳ್ಳಬೇಡಿ. ಮೊದಲ ಹನಿ ಬಂದ ದಿನ ಇಲ್ಲಿ ಬರೆಯಿರಿ.